ಪಾಯದ ಮಣ್ಣಿಗೆ ಟಿಪ್ಪರ್ ಯಾಕೆ?

ಬೆಂಗಳೂರಿನಲ್ಲಿ ಮನೆ ಕಟ್ಟುವ ಕಡೆಯೆಲ್ಲ ಒಂದು ತಮಾಷೆ ನಡೆಯುತ್ತದೆ. ಪಾಯಕ್ಕೂ ಸಂಪಿಗೂ ಅಗೆದ ಕೆಮ್ಮಣ್ಣು ಟಿಪ್ಪರ್ ಹತ್ತಿ ಊರಾಚೆ ಹೋಗುತ್ತದೆ. ಹಿಂದೆಯೇ ಇನ್ಯಾವುದೋ ಊರಿನ ಮಣ್ಣು ಸುಟ್ಟ ಇಟ್ಟಿಗೆಯಾಗಿ ಲಾರಿಯಲ್ಲಿ ಬಂದಿಳಿಯುತ್ತದೆ. ಎರಡೂ ಬಾಡಿಗೆ ತೆರುವವನು ಮನೆಯ ಯಜಮಾನನೇ.

ಇದಕ್ಕೆ ಮದ್ದು ಈ ಊರಿನಲ್ಲೇ ಸಿದ್ಧವಾಗಿತ್ತು. ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಎ.ಕೆ.ಎನ್. ರೆಡ್ಡಿಯವರು 1974ರಲ್ಲಿ ಹಳ್ಳಿಗಳಿಗೆ ಒದಗುವ ತಂತ್ರಜ್ಞಾನಕ್ಕೆಂದು ‘ಅಸ್ತ್ರ’ ಕಟ್ಟಿದರು. ಅಲ್ಲಿ ಕೆ.ಎಸ್. ಜಗದೀಶ್ ಮತ್ತು ಸಂಗಡಿಗರು ಒತ್ತಿ ಮಾಡುವ ಮಣ್ಣಿನ ಇಟ್ಟಿಗೆಯನ್ನು ಪಳಗಿಸಿದರು. ‘ಮರ್ದಿನಿ’ ಎಂಬ ಕೈಯಂತ್ರವೂ ಬಂತು.

ಕೆಲಸ ನೋಡುವಂತಿರುತ್ತದೆ. ಜರಡಿ ಹಿಡಿದ ಮಣ್ಣಿಗೆ ನೂರಕ್ಕೆ ಏಳೆಂಟು ಪಾಲು ಸಿಮೆಂಟ್ ಬೆರೆಸಿ ನೀರು ಚಿಮುಕಿಸುತ್ತಾರೆ. ಮೇಸ್ತ್ರಿ ಒಂದು ಉಂಡೆ ಹಿಸುಕಿ ಸೊಂಟದೆತ್ತರದಿಂದ ಬಿಡುತ್ತಾನೆ. ಪುಡಿಪುಡಿಯಾದರೆ ನೀರು ಸಾಲದು, ಒಡೆಯದೆ ಚಪ್ಪಟೆಯಾದರೆ ಹೆಚ್ಚಾಯಿತು, ನಾಲ್ಕಾರು ಚೂರಾದರೆ ಹದ. ಮಣ್ಣನ್ನು ತೂಗಿಯೇ ಅಚ್ಚಿಗೆ ಸುರಿಯಬೇಕು. ತೂಕ ತಪ್ಪಿದರೆ ಇಟ್ಟಿಗೆಯ ಗಟ್ಟಿತನವೂ ತಪ್ಪುತ್ತದೆ. ಮುಚ್ಚಳ ಹಾಕಿ ಉದ್ದನೆಯ ಹಿಡಿಕೆಗೆ ಇಬ್ಬರು ಜೋತುಬಿದ್ದರೆ ಚೂಪು ಅಂಚಿನ ಇಟ್ಟಿಗೆ ಮೇಲೇಳುತ್ತದೆ. ಹುಲ್ಲು ಮುಚ್ಚಿ ಮೂರ್ನಾಲ್ಕು ವಾರ ನೀರುಣಿಸಿದರೆ ಸಾಕು. ಗೂಡೂ ಬೇಡ, ಸೌದೆಯೂ ಬೇಡ.

ಆದರೆ ಎಲ್ಲ ಮಣ್ಣೂ ಒಗ್ಗುವುದಿಲ್ಲ. ಮರಳಿನಂಶ ಹೆಚ್ಚಿರುವ ಕೆಂಪುಮಣ್ಣು ಸಲೀಸು. ಜಿಗುಟು ಜಾಸ್ತಿಯಿದ್ದರೆ ಮರಳನ್ನೋ ಕಲ್ಲುಪುಡಿಯನ್ನೋ ಸೇರಿಸಬೇಕು. ಬಯಲುಸೀಮೆಯ ಎರೆಮಣ್ಣು ಉಬ್ಬಿ ಬಿರಿಯುವ ಜಾತಿ, ಸುಣ್ಣ ಕೇಳುತ್ತದೆ. ಗಾಜಿನ ಶೀಸೆಯಲ್ಲಿ ಮಣ್ಣು, ನೀರು ಹಾಕಿ ಕುಲುಕಿಟ್ಟರೆ ಮರಳು ತಳಕ್ಕಿಳಿದು ಜೇಡಿ ಮೇಲುಳಿಯುತ್ತದೆ; ಮೊದಲ ಅಂದಾಜಿಗೆ ಇಷ್ಟೇ ಪ್ರಯೋಗಶಾಲೆ.

ನನ್ನ ತಕರಾರು ಈಗಿನ ಷೋಕಿಯ ಮೇಲೆ. ದೂರದ ಯಾರ್ಡಿನಿಂದ ಮಣ್ಣಿನ ಇಟ್ಟಿಗೆಯನ್ನೇ ಲಾರಿಯಲ್ಲಿ ತರಿಸಿ, ಗಿಲಾವಿಲ್ಲದ ಗೋಡೆಗೆ ವಾರ್ನಿಷ್ ಬಳಿದು ‘ಪರಿಸರಸ್ನೇಹಿ’ ಎನ್ನುತ್ತಾರೆ. ಸ್ವಂತ ಪಾಯದ ಮಣ್ಣು ಆಗಲೇ ಯಾವುದೋ ಕೆರೆಯಂಗಳ ಸೇರಿರುತ್ತದೆ. ಇನ್ನು ಕೆಲವು ವಾಸ್ತುಶಿಲ್ಪಿಗಳಿಗೆ ಸಜ್ಜಾ ಎಂದರೆ ಅಲರ್ಜಿ. ಮಳೆಗೆ ನೇರ ಮೈಯೊಡ್ಡಿದ ಗೋಡೆ ಸವೆದಾಗ ಬೈಗುಳ ಮಣ್ಣಿಗೆ!

ನಿಜವಾದ ತೊಡಕು ಒಂದೇ: ಮೂವತ್ತು–ನಲವತ್ತರ ಸೈಟಿನಲ್ಲಿ ಪಾಯ ತೋಡಿದ ಮೇಲೆ ಇಟ್ಟಿಗೆ ಪೇರಿಸಿ ನೀರುಣಿಸಲು ಜಾಗವೆಲ್ಲಿ? ಪಕ್ಕದ ಖಾಲಿ ಸೈಟಿನವರನ್ನು ಮೊದಲೇ ಮಾತಾಡಿಸಿಟ್ಟುಕೊಳ್ಳಿ. ಮಳೆಗಾಲಕ್ಕೆ ಮುಂಚೆಯೇ.