ಬಾಣಲೆಯ ಮಸಿ

‘ದಿ ವಿಚರ್ 3: ವೈಲ್ಡ್ ಹಂಟ್’ ಆಡಲೋ ಬೇಡವೋ ಎಂದು ಕೇಳುವವರೆಲ್ಲರ ಅಳುಕು ಒಂದೇ: ಅಷ್ಟು ಹೊತ್ತು ಎಲ್ಲಿಂದ ತರುವುದು? ಅಳುಕು ಸಹಜವೇ. ಮುಖ್ಯ ಕಥೆಗೇ ಸುಮಾರು 50 ಗಂಟೆ ಬೇಕು. ಊರೂರು ಸುತ್ತಿ ಎಲ್ಲರ ಕಷ್ಟ ವಿಚಾರಿಸುತ್ತ ಹೋದರೆ 100 ದಾಟುತ್ತದೆ. ಕೆಲಸ, ಸಂಸಾರ ಇದ್ದವರಿಗೆ ಅದು ತಿಂಗಳುಗಟ್ಟಲೆ ರಾತ್ರಿಗಳ ಲೆಕ್ಕ.

ಇಂಥ ದೊಡ್ಡ ಗೇಮ್ ಕೈಗೆ ಬಂದಾಗ ನಾನು ಮೊದಲು ನೋಡುವುದು ಅದರ ತೀರಾ ಸಣ್ಣ ಕೆಲಸವನ್ನು. ಆಟ ಶುರುವಾಗುವ ವೈಟ್ ಆರ್ಚರ್ಡ್ ಸೀಮೆಯಲ್ಲಿ, ಮುಚ್ಚಿದ ಗುಡಿಸಲಿನ ಮುಂದೆ ಒಬ್ಬ ಮುದುಕಿ ನಿಂತಿದ್ದಾಳೆ. ಅವಳ ಬಾಣಲೆ ಒಳಗೆ ಸಿಕ್ಕಿಕೊಂಡಿದೆ. ದುಡ್ಡಿಗೆ ಪಿಶಾಚಿಗಳನ್ನು ಬೇಟೆಯಾಡುವ ನಾಯಕ ಗೆರಾಲ್ಟ್ ಬಾಗಿಲು ಒಡೆದು ನುಗ್ಗಿದರೆ ಅಲ್ಲೊಂದು ಹೆಣ, ಸುಟ್ಟ ಕಾಗದಗಳು, ಲಕಲಕ ಹೊಳೆಯುವ ಬಾಣಲೆ. ಅದರ ಮಸಿಯನ್ನು ಕೆರೆದು ಯಾರೋ ಬರೆಯುವುದಕ್ಕೆ ಬಳಸಿದ್ದಾರೆ. ಎರಡಕ್ಕೂ ಮಸಿ ಎಂದೇ ಅನ್ನುವ ನಮಗೆ ಇದು ಥಟ್ಟನೆ ಹೊಳೆಯುತ್ತದೆ. ಅಜ್ಜಿಗೆ ಬಾಣಲೆ ಸಿಕ್ಕಿತು, ನಮಗೆ ಯುದ್ಧಕಾಲದ ಗೂಢಚಾರಿಕೆಯ ಒಂದು ಎಳೆ. ಇಷ್ಟು ಪುಟ್ಟ ಕೆಲಸಕ್ಕೂ ಇಷ್ಟು ಶ್ರದ್ಧೆ ವಹಿಸಿದವರನ್ನು ನಾನು ನಂಬುತ್ತೇನೆ.

ಮುಂದೆ ವೆಲೆನ್ ಎಂಬ ಜೌಗುನಾಡು. ಅಲ್ಲಿನ ಬ್ಯಾರನ್ ಕುಡುಕ, ಹೆಂಡತಿಗೆ ಹೊಡೆಯುತ್ತಿದ್ದವನು. ಗರ್ಭದಲ್ಲೇ ಹೋದ, ಹೆಸರಿಡದೆ ಹೂತ ಕೂಸು ಪಿಶಾಚಿಯಾಗಿ ಎದ್ದಿದೆ. ನೀವು ಕತ್ತಿ ಎತ್ತದಿದ್ದರೆ, ಆತ ಅದನ್ನು ಎದೆಗವಚಿಕೊಂಡು ರಾತ್ರಿಯಲ್ಲಿ ನಡೆದು ಬಂದು, ಹೊಸ್ತಿಲಲ್ಲಿ ಹೂತು, ಡೇಯಾ ಎಂದು ಹೆಸರಿಡುತ್ತಾನೆ. ಅವನನ್ನು ಕ್ಷಮಿಸಲಾರೆ, ಆದರೂ ಆ ದಾರಿಯುದ್ದಕ್ಕೂ ನನ್ನ ಗಂಟಲು ಕಟ್ಟಿತ್ತು.

ಕೊರತೆಗಳಿವೆ. ಕಾದಾಟ ಬರುಬರುತ್ತ ಒಂದೇ ತೆರ ಅನ್ನಿಸುತ್ತದೆ. ಸ್ಕೆಲಿಗೆ ದ್ವೀಪಗಳ ಸುತ್ತ ಕಡಲಲ್ಲಿ ಚೆಲ್ಲಿರುವ ಪ್ರಶ್ನಾರ್ಥಕ ಚಿಹ್ನೆಗಳನ್ನು ಹುಡುಕುತ್ತ ದೋಣಿ ನಡೆಸುವುದು ಬರೀ ದಣಿವು. ಅವನ್ನು ಧಾರಾಳವಾಗಿ ಬಿಟ್ಟುಬಿಡಿ. ಇದು ಮಕ್ಕಳ ಕೈಗೆ ಕೊಡುವ ಆಟವೂ ಅಲ್ಲ, 18 ದಾಟಿದವರಿಗೆ ಮಾತ್ರ.

ಪೋಲೆಂಡಿನ ಸಿಡಿ ಪ್ರಾಜೆಕ್ಟ್ ರೆಡ್ ಇದನ್ನು ಬಿಡುಗಡೆ ಮಾಡಿದ್ದು 2015ರ ಮೇ ತಿಂಗಳಲ್ಲಿ. ಚಿತ್ರಗಳನ್ನು ಸುಧಾರಿಸಿದ ಆವೃತ್ತಿ, ಆಟ ಕೊಂಡವರಿಗೆ 2022ರಲ್ಲಿ ಪುಕ್ಕಟೆಯಾಗಿ ಸಿಕ್ಕಿತು. ಮೂಲ ಕಥೆಗಳು ಆಂಜೆ ಸಪ್ಕೋವ್‌ಸ್ಕಿ ಅವರವು, ಓದಿರಲೇಬೇಕೆಂದಿಲ್ಲ.

ಬ್ಯಾರನ್‌ನ ಕಥೆ ಮುಗಿಯುವವರೆಗೆ ಆಡಿ. ಅದು ತಟ್ಟದಿದ್ದರೆ ಅಲ್ಲಿಗೇ ನಿಲ್ಲಿಸಿ, ಮಿಕ್ಕ ಗಂಟೆಗಳನ್ನು ಉಳಿಸಿಕೊಳ್ಳಿ. ತಟ್ಟಿತೋ, 2016ರ ‘ಬ್ಲಡ್ ಅಂಡ್ ವೈನ್’ ವಿಸ್ತರಣೆಯ ಕೊನೆಯವರೆಗೂ ಬಿಡಬೇಡಿ.