‘ಶರಪಂಜರ’: ಗುಣವಾದ ಮೇಲಿನ ಕಥೆ

ವಿಷಮಶೀತ ಜ್ವರದಿಂದ ಎದ್ದವರನ್ನು ನೆರೆಹೊರೆಯವರು ಹಣ್ಣು ಹಿಡಿದು ನೋಡಲು ಬರುತ್ತಾರೆ. ಮನಸ್ಸಿನ ಕಾಯಿಲೆಯಿಂದ ಎದ್ದು ಬಂದವರಿಗೆ ಈ ಉಪಚಾರವಿಲ್ಲ. ಅವರನ್ನು ಬಾಗಿಲ ಸಂದಿಯಿಂದ ನೋಡುತ್ತಾರೆ. ಶ್ರೀಮತಿ ತ್ರಿವೇಣಿಯವರ ‘ಶರಪಂಜರ’ ಕಾದಂಬರಿಯ ನಿಜವಾದ ವಸ್ತು ಈ ನೋಟ.

ತ್ರಿವೇಣಿಯವರು (1928–1963) ಮನಃಶಾಸ್ತ್ರವನ್ನು ಅಭ್ಯಾಸ ಮಾಡಿದವರು. ಆ ವಿದ್ಯೆಯನ್ನು ಅವರು ಪ್ರದರ್ಶನಕ್ಕಿಡದೆ ಕಥೆಯಲ್ಲಿ ಕರಗಿಸಿದ್ದಾರೆ. ಬಾಣಂತನದಲ್ಲಿ ಬುದ್ಧಿಭ್ರಮಣೆಗೆ ಒಳಗಾದ ಕಾವೇರಿ ಚಿಕಿತ್ಸೆಯಿಂದ ಗುಣಹೊಂದಿ ಮನೆಗೆ ಮರಳುತ್ತಾಳೆ. ಕಥೆಯ ಕಠಿನ ಭಾಗ ಮೊದಲಾಗುವುದು ಅಲ್ಲಿಂದ. ನಕ್ಕರೆ ಅನುಮಾನ, ಅತ್ತರೆ ಅನುಮಾನ, ಸುಮ್ಮನಿದ್ದರಂತೂ ಭಯ. ಇತರರಲ್ಲಿ ಸಿಟ್ಟೆನಿಸುವುದು ಅವಳಲ್ಲಿ ರೋಗಲಕ್ಷಣವೆನಿಸುತ್ತದೆ. ಹೀಗಾಗಿ ತಾನು ಸರಿಯಾಗಿದ್ದೇನೆಂದು ಗಳಿಗೆ ಗಳಿಗೆಗೂ ತೋರಿಸಿಕೊಡುವ ಹೊರೆ ಅವಳ ಮೇಲೆ ಬೀಳುತ್ತದೆ. ಅವಳು ಬಯಸುವುದು ಗಂಡನ ಹಿಂದಿನ ಸಲಿಗೆಯನ್ನು. ಅದೊಂದೇ ಅವಳಿಗೆ ದೊರೆಯದು.

ಕೊನೆಗೆ ಕಾವೇರಿ ಮತ್ತೆ ಕಾಯಿಲೆಗೆ ಬೀಳುತ್ತಾಳೆ. ‘ಒಮ್ಮೆ ಕೆಟ್ಟ ತಲೆ ಸರಿಹೋಗದು’ ಎಂಬ ಲೋಕದ ಮಾತಿಗೆ ಈ ಮುಕ್ತಾಯ ಪುಷ್ಟಿ ಕೊಡುವುದಿಲ್ಲವೆ? ಆಕ್ಷೇಪ ಹಗುರವಾದುದಲ್ಲ. 1972ರಲ್ಲಿ ಪುಟ್ಟಣ್ಣ ಕಣಗಾಲರು ಇದನ್ನು ತೆರೆಗೆ ತಂದಾಗ ಕಲ್ಪನಾ ಅವರ ಅಭಿನಯ ಎಷ್ಟು ಪ್ರಬಲವಾಗಿತ್ತೆಂದರೆ, ಕೊನೆಯ ಉನ್ಮಾದವೇ ಕಣ್ಣಿಗೆ ಕಟ್ಟಿ, ಅದಕ್ಕೆ ಮುಂಚಿನ ಸಣ್ಣ ಸಣ್ಣ ಅವಮಾನಗಳು ಹಿಂದೆ ಸರಿಯುತ್ತವೆ. ಆದರೆ ಆ ಅವಮಾನಗಳೇ ಕಾದಂಬರಿಯ ಹೆಸರಿನಲ್ಲಿರುವ ಶರಗಳು. ಅವನ್ನು ಒಂದೊಂದಾಗಿ ಎಣಿಸುತ್ತ ಓದಿದವರಿಗೆ, ಕಾಯಿಲೆ ತಾನಾಗಿ ಮರಳಲಿಲ್ಲ, ಸುತ್ತಲಿನವರು ಅದನ್ನು ಕರೆತಂದರು ಎಂಬುದು ಸ್ಪಷ್ಟವಾಗುತ್ತದೆ.

ಆದರೂ ಒಂದು ಕೊರತೆ ಉಳಿಯುತ್ತದೆ. ಬಾಣಂತಿಯರ ಈ ತೀವ್ರ ಭ್ರಮಣೆ ಸಾವಿರ ಹೆರಿಗೆಗಳಲ್ಲಿ ಒಂದೆರಡರಲ್ಲಿ ಕಾಣಿಸುವಂಥದು. ಸಕಾಲದಲ್ಲಿ ಚಿಕಿತ್ಸೆ ದೊರೆತರೆ ಬಹುಪಾಲು ತಾಯಂದಿರು ಗುಣಹೊಂದಿ ಸಂಸಾರ ನಡೆಸುತ್ತಾರೆ. ಹಾಗೆ ಬಾಳಿದ ಒಬ್ಬಳಾದರೂ ಕಾವೇರಿಯ ಪಕ್ಕದಲ್ಲಿ ನಿಂತಿದ್ದರೆ ದುರಂತದ ತೀವ್ರತೆ ತಗ್ಗುತ್ತಿರಲಿಲ್ಲ. ಓದುಗರ ಭಯ ತಗ್ಗುತ್ತಿತ್ತು.

ತ್ರಿವೇಣಿಯವರು ಬರೆಯುತ್ತಿದ್ದ ಕಾಲದಲ್ಲಿ ಜಾರಿಯಲ್ಲಿದ್ದುದು 1912ರ ಹುಚ್ಚರ ಕಾಯಿದೆ. ಇಂದು 2017ರ ಮಾನಸಿಕ ಆರೋಗ್ಯ ಪಾಲನಾ ಕಾಯಿದೆ, ರೋಗಿಗೆ ಮರ್ಯಾದೆಯಿಂದ ಸಮಾಜದ ನಡುವೆ ಬಾಳುವ ಹಕ್ಕನ್ನು ಕೊಟ್ಟಿದೆ. ಕಾಯಿದೆ ಪುಸ್ತಕದಲ್ಲಿ ‘ಹುಚ್ಚರು’ ಎಂಬ ಶಬ್ದ ಹೋಯಿತು. ನಮ್ಮ ಮನೆಗಳ ಪಡಸಾಲೆಯಲ್ಲಿ ಅದು ಇನ್ನೂ ಕುಳಿತಿದೆ. ಕಾದಂಬರಿಯನ್ನು ಮತ್ತೊಮ್ಮೆ ಓದುವವರು ಕಾವೇರಿಯನ್ನು ಗಮನಿಸಿದಷ್ಟೇ ಎಚ್ಚರದಿಂದ ಅವಳ ನೆರೆಹೊರೆಯವರನ್ನೂ ಗಮನಿಸಬೇಕು. ಪರಿಚಿತ ಮುಖಗಳು ಅಲ್ಲಿ ಹಲವು ಸಿಕ್ಕಾವು.