ಕೋಪಣ ನಾಡಿನ ವಿದ್ವತ್ ಪ್ರಕಟಣೆಗಳು: ಗಡಿ, ಭಾಷೆ ಮತ್ತು ಓದುಗ

ಕೊಪ್ಪಳ, ಗಂಗಾವತಿ, ಕುಷ್ಟಗಿ ಮತ್ತು ಯಲಬುರ್ಗಾ ತಾಲ್ಲೂಕುಗಳನ್ನು ಕೂಡಿಸಿಕೊಂಡು ಕೊಪ್ಪಳ ಜಿಲ್ಲೆಯು ರಾಯಚೂರಿನಿಂದ ಬೇರ್ಪಟ್ಟದ್ದು 1997ರಲ್ಲಿ. ಈ ನೆಲವನ್ನು ಕುರಿತ ವಿದ್ವತ್ ಪ್ರಕಟಣೆಗಳ ಇತಿಹಾಸ ಅದಕ್ಕಿಂತ ಒಂದು ಶತಮಾನಕ್ಕೂ ಹಳೆಯದು. 1898ರಲ್ಲಿ ಕೆ. ಬಿ. ಪಾಠಕ್ ಅವರು 'ಕವಿರಾಜಮಾರ್ಗ'ವನ್ನು ಸಂಪಾದಿಸಿ ಪ್ರಕಟಿಸಿದ ಮೇಲೆ, ತಿರುಳ್ಗನ್ನಡದ ನಾಡಿನ ನಾಲ್ಕು ನೆಲೆಗಳಲ್ಲಿ ಕೋಪಣವೂ ಒಂದೆಂಬ ಸಂಗತಿ ವಿದ್ವಾಂಸರ ಗಮನಕ್ಕೆ ಬಂದಿತು. ಅಂದಿನಿಂದ ಈ ಪ್ರದೇಶವನ್ನು ಕುರಿತ ಬರಹಗಳು ಬಹುಮಟ್ಟಿಗೆ ಈ ಉಲ್ಲೇಖದಿಂದಲೇ ಆರಂಭವಾಗುತ್ತವೆ. ಆ ಗೌರವ ಸಲ್ಲತಕ್ಕದ್ದೇ. ಆದರೆ ಕನ್ನಡದ ತಿರುಳೆನಿಸಿಕೊಂಡ ನಾಡಿನ ಚರಿತ್ರೆ ಎಲ್ಲಿಂದ, ಯಾವ ಭಾಷೆಯಲ್ಲಿ, ಯಾರಿಗಾಗಿ ಪ್ರಕಟವಾಯಿತು ಎಂಬ ಪ್ರಶ್ನೆಯನ್ನು ನಾವು ಅಷ್ಟಾಗಿ ಕೇಳಿಕೊಂಡಿಲ್ಲ. ಈ ಪ್ರಶ್ನೆಯ ಹಿನ್ನೆಲೆಯಲ್ಲಿ ಕೆಲವು ಮುಖ್ಯ ಪ್ರಕಟಣೆಗಳನ್ನು ಪರಿಶೀಲಿಸುವುದು ಪ್ರಸ್ತುತ ಲೇಖನದ ಉದ್ದೇಶ.

ಗವಿಮಠ ಮತ್ತು ಪಾಲ್ಕಿಗುಂಡು ಬೆಟ್ಟಗಳ ಅಶೋಕನ ಶಾಸನಗಳನ್ನು 1931ರಲ್ಲಿ ಬೆಳಕಿಗೆ ತಂದವರು ಕೊಪ್ಪಳದವರೇ ಆದ ಎನ್. ಬಿ. ಶಾಸ್ತ್ರಿ. ಮರುವರ್ಷವೇ, ಲಂಡನ್ನಿನಲ್ಲಿ ಸಂಸ್ಕೃತ ಪ್ರಾಧ್ಯಾಪಕರಾಗಿದ್ದ ಆರ್. ಎಲ್. ಟರ್ನರ್ ಅವರು ಸಂಪಾದಿಸಿದ ಪಾಠ ಹೈದರಾಬಾದ್ ಪುರಾತತ್ತ್ವ ಮಾಲೆಯ 10ನೆಯ ಪುಸ್ತಕವಾಗಿ ಹೊರಬಂದಿತು. ಕಂಡವರು ಕೊಪ್ಪಳದವರು, ಓದಿದವರು ಲಂಡನ್ನಿನವರು, ಅಚ್ಚು ಹಾಕಿಸಿದ್ದು ನಿಜಾಮ ಸರ್ಕಾರ. ಸವೆದ ಅಕ್ಷರಗಳನ್ನು ಇತರೆಡೆಯ ಅಶೋಕನ ಪಾಠಗಳೊಡನೆ ಹೋಲಿಸಿ ಓದುವ ಕೆಲಸಕ್ಕೆ ಟರ್ನರ್ ಅವರಂಥ ಭಾಷಾಶಾಸ್ತ್ರಜ್ಞರು ಅಗತ್ಯವಾಗಿದ್ದರು. ಆ ಪಾಂಡಿತ್ಯದ ಫಲ ಬೆಟ್ಟದ ಬುಡದ ಊರಿಗೆ ಅದರದೇ ಭಾಷೆಯಲ್ಲಿ ಮರಳಲಿಲ್ಲವೆಂಬುದೇ ಇಲ್ಲಿನ ಕೊರತೆ.

ಅದೇ ಮಾಲೆಯ 12ನೆಯ ಪುಸ್ತಕವಾಗಿ 1935ರಲ್ಲಿ ಸಿ. ಆರ್. ಕೃಷ್ಣಮಾಚಾರ್ಲು ಅವರು ಕೊಪ್ಪಳದ ಕನ್ನಡ ಶಾಸನಗಳನ್ನು ಸಂಪಾದಿಸಿದರು. ಕೋಪಣವು ಜೈನರ ಮಹಾತೀರ್ಥವಾಗಿತ್ತೆಂಬ ಮಾತಿಗೆ ಗಟ್ಟಿ ಆಧಾರ ಒದಗಿಸಿದ ಕೃತಿಯಿದು. ಪಾಲ್ಕಿಗುಂಡಿನಲ್ಲಿ ಜಟಾಸಿಂಹನಂದಿ ಆಚಾರ್ಯರ ಪಾದಗಳನ್ನು ಚಾವಯ್ಯನೆಂಬವನು ಮಾಡಿಸಿದನೆಂದು ಹೇಳುವ ಕಿರುಶಾಸನವಿದೆ. ಸಂಸ್ಕೃತದ 'ವರಾಂಗಚರಿತ'ವನ್ನು 1938ರಲ್ಲಿ ಸಂಪಾದಿಸಿದ ಎ. ಎನ್. ಉಪಾಧ್ಯೆ ಅವರು ಈ ಶಾಸನವನ್ನು ಕಾವ್ಯದ ಕರ್ತೃವಿನೊಡನೆ ಸಂಬಂಧಿಸಿದರು. ಶಾಸನವೊಂದು ಕಾವ್ಯಚರಿತ್ರೆಗೆ ನೆರವಾದ ಉತ್ತಮ ನಿದರ್ಶನವಿದು. ಆದರೆ ಒಂದು ಎಚ್ಚರ ಅಗತ್ಯ. ಕವಿಯ ಕಾಲ ಸುಮಾರು 7ನೆಯ ಶತಮಾನ. ಶಾಸನದ ಲಿಪಿ ಅದಕ್ಕಿಂತ ಈಚಿನದು. ಆಚಾರ್ಯರ ನೆನಪನ್ನು ಕೋಪಣದ ಜೈನ ಸಮುದಾಯ ತಲೆಮಾರುಗಳ ಕಾಲ ಉಳಿಸಿಕೊಂಡಿತ್ತೆಂಬುದನ್ನು ಶಾಸನ ಸಿದ್ಧಪಡಿಸುತ್ತದೆ. ಅವರು ಇಲ್ಲಿಯೇ ದೇಹವಿಟ್ಟರೆಂಬುದು ಸಂಭಾವ್ಯ ಊಹೆ ಮಾತ್ರ. ಮೂಲ ಸಂಪುಟವನ್ನು ನೋಡದೆ ಮತ್ತೊಬ್ಬರ ಬರಹದಿಂದ ಎತ್ತಿಕೊಂಡಾಗ ಊಹೆಯು ನಿರ್ಣಯವಾಗಿ ಬೆಳೆಯುತ್ತದೆ. ಪ್ರಕಟಣೆ ಕೈಗೆ ಸಿಗದಿರುವುದರ ನಿಜವಾದ ನಷ್ಟ ಇಲ್ಲಿದೆ.

ಎರಡನೆಯ ಸಂಗತಿ ಆಡಳಿತದ ಗಡಿಗೆ ಸಂಬಂಧಿಸಿದ್ದು. ಯಲಬುರ್ಗಾ ಎಂದರೆ ಶಾಸನಗಳ ಎರಂಬರಗೆ, ಸಿಂದ ಅರಸರ ರಾಜಧಾನಿ. ಸಿಂದರ ವಂಶಾವಳಿಯನ್ನು ಮೊದಲು ಕ್ರಮಬದ್ಧವಾಗಿ ಜೋಡಿಸಿದ ಜೆ. ಎಫ್. ಫ್ಲೀಟ್ ಅವರು ಮುಂಬಯಿ ಪ್ರಾಂತದ ಅಧಿಕಾರಿ. ಅವರಿಗೆ ಮುಖ್ಯವಾಗಿ ಒದಗಿದ ಶಾಸನಗಳು ಪಟ್ಟದಕಲ್ಲಿನಂತಹ ಬ್ರಿಟಿಷ್ ಜಿಲ್ಲೆಗಳ ಊರುಗಳವು. ರಾಜಧಾನಿ ಮಾತ್ರ ಗಡಿಯಾಚೆ ನಿಜಾಮ ಸೀಮೆಯಲ್ಲಿತ್ತು. ಹೀಗಾಗಿ ಒಂದು ಅರಸುಮನೆತನದ ಚರಿತ್ರೆ ಅದರ ಕೇಂದ್ರದಿಂದಲ್ಲ, ಅಂಚಿನಿಂದ ಬರೆಯಲ್ಪಟ್ಟಿತು. ವಾಸ್ತುವಿನ ಅಧ್ಯಯನದಲ್ಲಿ ಈ ಗಡಿ ಅಷ್ಟು ಬಿಗಿಯಾಗಿರಲಿಲ್ಲ. ಹೆನ್ರಿ ಕಸಿನ್ಸ್ ಅವರ 1926ರ ಚಾಲುಕ್ಯ ವಾಸ್ತುಗ್ರಂಥದಲ್ಲಿ ಕುಕನೂರಿನ ಗುಡಿಗಳಿಗೂ, 1112ರಲ್ಲಿ ಆರನೆಯ ವಿಕ್ರಮಾದಿತ್ಯನ ದಂಡನಾಯಕ ಮಹಾದೇವನು ಕಟ್ಟಿಸಿದ ಇಟಗಿಯ ದೇವಾಲಯಕ್ಕೂ ಸ್ಥಾನ ದೊರೆತಿದೆ. ಇವೆರಡೂ ಅಂದು ಯಲಬುರ್ಗಾಕ್ಕೆ ಸೇರಿದ್ದು ಇಂದು ಕುಕನೂರು ತಾಲ್ಲೂಕಿನಲ್ಲಿವೆ.

ಈ ಸ್ಥಿತಿಯ ಅತ್ಯಂತ ಸ್ಪಷ್ಟ ಕುರುಹು ಪಿ. ಬಿ. ದೇಸಾಯಿ ಅವರ ಶಾಸನ ಸಂಪುಟ. ಹೈದರಾಬಾದ್ ರಾಜ್ಯದ ಕನ್ನಡ ಜಿಲ್ಲೆಗಳ ಶಾಸನಗಳೆಂಬ ಅರ್ಥದ ಇಂಗ್ಲಿಷ್ ಹೆಸರನ್ನು ಹೊತ್ತು ಅದು ಹೈದರಾಬಾದಿನಿಂದ ಹೊರಬಂದದ್ದು 1958ರಲ್ಲಿ. ಅಷ್ಟರಲ್ಲಿ ಆ ರಾಜ್ಯವೇ ಇರಲಿಲ್ಲ. ಅದರ ಕನ್ನಡ ಜಿಲ್ಲೆಗಳು 1956ರಲ್ಲೇ ಮೈಸೂರು ರಾಜ್ಯವನ್ನು ಸೇರಿದ್ದವು. ಜನರು ಒಂದು ರಾಜ್ಯಕ್ಕೆ ಬಂದರು, ಅವರ ಶಾಸನಗಳ ಪುಸ್ತಕ ಮತ್ತೊಂದು ರಾಜ್ಯದ ಪ್ರಕಟಣೆಯಾಗಿ ಉಳಿಯಿತು. ಗಂಗಾವತಿಯದೂ ಇದೇ ಕಥೆ. ಕುಮ್ಮಟದುರ್ಗ ಮತ್ತು ಕಂಪಿಲಿಯ ಅರಸರನ್ನು ಕುರಿತ ಎನ್. ವೆಂಕಟರಮಣಯ್ಯ ಅವರ 1929ರ ಅಧ್ಯಯನ ಮದರಾಸಿನದು. ಹಿರೇಬೆಣಕಲ್ಲಿನ ಶಿಲಾಸಮಾಧಿಗಳಿಗೂ ಎಡೆಗೊಟ್ಟ ಅ. ಸುಂದರ ಅವರ 1975ರ ಗ್ರಂಥ ದೆಹಲಿಯದು. ಎರಡೂ ಇಂಗ್ಲಿಷಿನಲ್ಲಿವೆ. ಅತ್ತ ಕುಮಾರರಾಮನನ್ನು ಜನಪದರೂ ಸಾಂಗತ್ಯ ಕವಿಗಳೂ ಕನ್ನಡದಲ್ಲೇ ಹಾಡಿಕೊಂಡು ಬಂದಿದ್ದಾರೆ. ಇನ್ನು ಇಲ್ಲಿ ಹೆಸರಿಸಿದ ಯಾವ ಗ್ರಂಥದ ಶೀರ್ಷಿಕೆಯಲ್ಲೂ ಕುಷ್ಟಗಿ ಇಲ್ಲ.

ಹಂಚಿಹೋದ ನಾಡುಗಳ ವಿದ್ವತ್ತಿಗೆ ಇಂಥ ಗತಿ ಅನಿವಾರ್ಯವೇ? ಪೋಲೆಂಡಿನ ನಿದರ್ಶನ ಇಲ್ಲಿ ವಿಚಾರಾರ್ಹ. 1795ರಿಂದ 1918ರವರೆಗೆ ಆ ದೇಶ ರಷ್ಯ, ಪ್ರಷ್ಯ ಮತ್ತು ಆಸ್ಟ್ರಿಯಗಳಲ್ಲಿ ಹಂಚಿಹೋಗಿತ್ತು. ಆದರೂ 1817ರಲ್ಲಿ ಲ್ವೂವ್ ನಗರದಲ್ಲಿ ಸ್ಥಾಪನೆಯಾದ ಒಸ್ಸೊಲಿನೆಯುಂ, 1838ರಲ್ಲಿ ದೇಶಭ್ರಷ್ಟರು ಪ್ಯಾರಿಸ್ಸಿನಲ್ಲಿ ತೆರೆದ ಗ್ರಂಥಾಲಯ, ಮುಂದೆ ಕ್ರಾಕೂವ್‌ನ ವಿದ್ವತ್ ಅಕಾಡೆಮಿ - ಇವು ಪೋಲಿಷ್ ಸಾಹಿತ್ಯ ಚರಿತ್ರೆಗಳ ಸಾಮಗ್ರಿಯನ್ನು ಕೂಡಿಟ್ಟವು, ಪೋಲಿಷ್ ಭಾಷೆಯಲ್ಲೇ ವಿದ್ವತ್ತನ್ನು ಬೆಳೆಸಿದವು. ಅಲ್ಲಿ ಗಡಿಗಳು ಮೂರಾದರೂ ಓದುಗ ಸಮುದಾಯ ಒಂದೇ ಆಗಿ ಉಳಿಯಿತು. ನಮ್ಮಲ್ಲಿ ಗಡಿ ಅಳಿದ ಮೇಲೂ ಓದುಗ ದೂರವೇ ಉಳಿದ. ಉಭಯ ದೇಶಗಳ ಪರಿಸ್ಥಿತಿ ಒಂದೇ ಅಲ್ಲ. ಆದರೆ ಪ್ರಕಟಣೆಯ ಭಾಷೆ ಯಾವುದೆಂಬುದು ಕೇವಲ ಸೌಕರ್ಯದ ವಿಷಯವಲ್ಲವೆಂಬುದನ್ನು ಈ ಹೋಲಿಕೆ ಸ್ಪಷ್ಟಪಡಿಸುತ್ತದೆ.

ಕನ್ನಡದಲ್ಲಿ ಪ್ರಯತ್ನಗಳೇ ಆಗಿಲ್ಲವೆಂದಲ್ಲ. ಹಂಪಿಯ ಕನ್ನಡ ವಿಶ್ವವಿದ್ಯಾಲಯವು ತನ್ನ ಶಾಸನ ಮಾಲೆಯಲ್ಲಿ ಕೊಪ್ಪಳ ಜಿಲ್ಲೆಗೇ ಒಂದು ಸಂಪುಟವನ್ನು ಮೀಸಲಿಟ್ಟದ್ದು ದೊಡ್ಡ ಹೆಜ್ಜೆ. ಅಖಿಲ ಭಾರತ ಕನ್ನಡ ಸಾಹಿತ್ಯ ಸಮ್ಮೇಳನಗಳು 1993ರಲ್ಲಿ ಕೊಪ್ಪಳದಲ್ಲಿ, 2011ರಲ್ಲಿ ಗಂಗಾವತಿಯಲ್ಲಿ ನಡೆದು ಸ್ಥಳೀಯ ಚರಿತ್ರೆಯ ಬಗೆಗೆ ಆಸಕ್ತಿಯನ್ನು ಮೂಡಿಸಿದವು. ಆದರೆ ಶಾಸನಪಾಠ ಕನ್ನಡಕ್ಕೆ ಬಂದಷ್ಟು ಮಟ್ಟಿಗೆ ಅದನ್ನು ಕುರಿತ ಚರ್ಚೆ ಬಂದಿಲ್ಲ. ಹಳೆಯ ಸಂಪಾದಕರ ಪೀಠಿಕೆ, ಕಾಲನಿರ್ಣಯದ ವಾದ, ಪಾಠಾಂತರದ ಕಾರಣಗಳು ಇಂಗ್ಲಿಷಿನಲ್ಲೇ ಉಳಿದಿವೆ. ಪಾಠವಷ್ಟೇ ತಿಳಿದವನು ಅದನ್ನು ಉದ್ಧರಿಸಬಲ್ಲ. ವಾದ ತಿಳಿದವನು ಮಾತ್ರ ಅದನ್ನು ಪ್ರಶ್ನಿಸಬಲ್ಲ.

ಗ್ರಂಥಾಲಯಗಳ ಹೊಣೆಯೂ ಇಲ್ಲಿದೆ. ಹೈದರಾಬಾದ್ ಮಾಲೆಯಲ್ಲಿ ಊರಿನ ಹೆಸರು 'ಕೊಪ್ಬಾಳ್' ಎಂಬ ರೂಪದಲ್ಲಿದೆ, ಶಾಸನಗಳಲ್ಲಿ 'ಕೋಪಣ', ಇಂದಿನ ಬಳಕೆಯಲ್ಲಿ 'ಕೊಪ್ಪಳ'. ಮೂರನ್ನೂ ಒಂದೆಡೆ ಜೋಡಿಸದ ಸೂಚಿಯಲ್ಲಿ ಹುಡುಕುವ ಸಂಶೋಧಕನಿಗೆ ಇರುವ ಪುಸ್ತಕವೂ ಇಲ್ಲದಂತೆಯೇ. ಪ್ರತಿಬಿಂಬ ಪ್ರತಿಗಳು ಗಣಕದಲ್ಲಿ ದೊರೆಯತೊಡಗಿದ ಮೇಲೂ ಈ ತೊಡಕು ನಿವಾರಣೆಯಾಗಿಲ್ಲ. ಹೆಸರು ತಿಳಿಯದವನಿಗೆ ಅವು ಗೋಚರಿಸುವುದಿಲ್ಲ.

ಆದುದರಿಂದ ಈಗ ಆಗಬೇಕಾದದ್ದು ಮತ್ತೊಂದು ಪ್ರಶಸ್ತಿರೂಪದ ಗ್ರಂಥವಲ್ಲ. 1932, 1935 ಮತ್ತು 1958ರ ಮೂರು ಸಂಪುಟಗಳನ್ನು ಪೀಠಿಕೆ, ಟಿಪ್ಪಣಿಗಳ ಸಹಿತ ಕನ್ನಡಕ್ಕೆ ತರುವುದು, ಈಚಿನ ಓದುಗಳೊಡನೆ ತಾಳೆನೋಡುವುದು, ನಾಲ್ಕು ಮೂಲ ತಾಲ್ಲೂಕುಗಳ ಗ್ರಾಮನಾಮಗಳ ಹಳೆಯ ಹೊಸ ರೂಪಗಳ ಸೂಚಿಯನ್ನು ಸಿದ್ಧಪಡಿಸುವುದು - ಇವು ಆಗಬೇಕು. 1931ರಲ್ಲಿ ಬೆಟ್ಟವೇರಿ ಅಕ್ಷರಗಳನ್ನು ಗುರುತಿಸಿದವರು ಈ ಊರಿನವರು. ಆ ಅಕ್ಷರಗಳನ್ನು ಕುರಿತು ವಿದ್ವಾಂಸರು ಏನು ವಾದಿಸಿದರೆಂಬುದನ್ನು ಇದೇ ಊರಿನ ವಿದ್ಯಾರ್ಥಿ ತನ್ನ ಭಾಷೆಯಲ್ಲಿ ಓದಿ, ಬೇಕೆನಿಸಿದರೆ ಅಲ್ಲಗಳೆಯುವಂತಾದಾಗ ಕೋಪಣದ ಅಧ್ಯಯನ ತನ್ನ ನೆಲೆಗೆ ಮರಳಿತೆಂದು ಹೇಳಬಹುದು.